ಮೇಜಿನ ಕೆಳಗಿನ ಬ್ರೇಕು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟವಳ ಬರವಣಿಗೆ ಇದಕ್ಕಿಂತ ನೆಟ್ಟಗೆ ಬರಲಿಲ್ಲ. ಮಾತೂ ಅಷ್ಟೇ, ಒಂದು ವಾಕ್ಯ ಬರೆದು, ಓದಿ ನೋಡಿ, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದೇನೆ. ಎಲ್ಲಾದರೂ ಎಡವಿದ್ದರೆ ಓದುವವರು ಕೈಹಿಡಿದು ದಾಟಿಸಬೇಕು. ಇದು ನನ್ನ ಕಥೆಯಲ್ಲ, ನಮ್ಮಪ್ಪನ ಬಲಗಾಲಿನ ಕಥೆ. ಬರೆಯಲೇ ಎಂದು ಅವರನ್ನೇ ಕೇಳಿದೆ. "ಬರಿ, ನಾಲ್ಕು ಜನ ಅಪ್ಪಂದಿರಿಗಾದ್ರೂ ಬುದ್ಧಿ ಬರ್ಲಿ" ಅಂದರು. ಒಂದು ಸುತ್ತು ಹೊರಗೆ ಹೋಗಿ ಬಂದು, "ಹೆಡ್‌ಮಿಸ್ ವಿಷಯ ಮಾತ್ರ ಸ್ವಲ್ಪ ಕಡಿಮೆ ಮಾಡಿ ಬರಿ" ಅಂದರು. ಕಡಿಮೆ ಮಾಡಿ ನೋಡಿದೆ. ಆಗ ಕಥೆಯೇ ಉಳಿಯಲಿಲ್ಲ. ಹಾಗಾಗಿ ಪೂರ್ತಿ ಬರೆದಿದ್ದೇನೆ.

ಅಪ್ಪ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಆ ಕಾರಿಗೆ ಸ್ಟೀರಿಂಗು ಒಂದೇ, ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಅವರ ಎಡಗಡೆ ಕೂತ ಅಪ್ಪನ ಕಾಲಡಿಗೆ. ಕಲಿಯುವವರು ಗೋಡೆಯನ್ನೋ ಕಂಬವನ್ನೋ ಗುರಿಯಿಟ್ಟು ಹೊರಟಾಗ, ಅದು ಗೋಡೆ ಎಂದು ಅವರಿಗೆ ತಿಳಿಯುವ ಮೊದಲೇ ಅಪ್ಪನ ಬಲಗಾಲು ಕೆಲಸ ಮುಗಿಸಿರುತ್ತದೆ. "ನನ್ನ ಕಾಲಿಗೆ ಕಣ್ಣಿದೆ" ಎಂದು ಅವರು ಬೀಗುತ್ತಿದ್ದರು. ಬೀಗಲಿ ಬಿಡಿ, ಇಷ್ಟು ವರ್ಷದಲ್ಲಿ ಅವರ ಗಾಡಿ ಒಂದು ಕೋಳಿಯ ಪುಕ್ಕವನ್ನೂ ಮುಟ್ಟಿರಲಿಲ್ಲ.

ಅಮ್ಮನಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ಬಂದವರನ್ನು ಕೂರಿಸಿ, ಸಮಾಧಾನ ಹೇಳಿ, ಸರದಿಯ ಪ್ರಕಾರ ಒಳಗೆ ಕಳಿಸಬೇಕು. ದಿನವಿಡೀ ಬಾಯಿ ತೆರೆದವರನ್ನೇ ನೋಡಿ ನೋಡಿ, ಮನೆಯಲ್ಲಿ ಅಪ್ಪ ಬಾಯಿ ತೆರೆದರೂ ಅವಳಿಗೆ ಎಲ್ಲಿ ಹುಳುಕಿದೆ ಎಂಬುದೇ ಮೊದಲು ಕಾಣುತ್ತದೆ.

ಇನ್ನುಳಿದವಳು ನನ್ನ ತಂಗಿ. ಆರು ವರ್ಷ. ಎದ್ದ ಗಳಿಗೆಯಿಂದ ಮಲಗುವವರೆಗೆ ಸದ್ದು ನಿಲ್ಲದ್ದಕ್ಕೆ ಎಲ್ಲರೂ ಅವಳನ್ನು ಗಿಲಕಿ ಎನ್ನುತ್ತೇವೆ.

ಗಿಲಕಿ ಒಂದನೇ ತರಗತಿಗೆ ಸೇರಿದ ದಿನ, ಊಟವಾದ ಮೇಲೆ ಅಪ್ಪ ಮೇಜನ್ನು ತಾವೇ ಒರೆಸಿದರು. ಅಪ್ಪ ಮೇಜು ಒರೆಸಿದರೆ ಏನೋ ಘೋಷಣೆ ಇದೆ ಎಂದೇ ಅರ್ಥ.

"ಕೇಳಿ ಎಲ್ರೂ. ಇವತ್ತಿಂದ ಇವಳ ಓದು ನನ್ನ ಜವಾಬ್ದಾರಿ. ಹತ್ತಕ್ಕೆ ಹತ್ತು ತೆಗೆಸ್ತೀನಿ. ಸ್ಟೀರಿಂಗ್ ಅಂದ್ರೆ ಊಟದ ತಟ್ಟೆ ಅಂದ್ಕೊಂಡಿದ್ದವರಿಗೆಲ್ಲ ಗಾಡಿ ಕಲಿಸಿದೀನಿ. ಒಂದನೇ ಕ್ಲಾಸಿನ ಲೆಕ್ಕ ಯಾವ ದೊಡ್ಡ ವಿಷಯ?"

"ಆರಂಭ ಶೂರರಿಗೆ ಜಯವಾಗಲಿ" ಅಂದಳು ಅಮ್ಮ.

"ತಮಾಷೆ ಮಾಡ್ಬೇಡ ಕಣೇ." ಅಪ್ಪನ ದನಿ ತಗ್ಗಿತು. "ದೊಡ್ಡವಳ ಓದಿನಲ್ಲಿ ನಾನು ಹಿಂದಿನ ಸೀಟಲ್ಲಿ ನಿದ್ದೆ ಹೊಡೆದೆ. ಕಣ್ಣು ಬಿಡೋ ಹೊತ್ತಿಗೆ ಅವಳು ಇಳಿದು ಹೋಗಿದ್ಲು. ಚಿಕ್ಕವಳಿಗೆ ಹಾಗಾಗ್ಬಾರ್ದು. ಈ ಸಾರಿ ನಾನು ಮುಂದಿನ ಸೀಟು."

ನಾನು ತಟ್ಟೆ ಒರೆಸುತ್ತಿದ್ದೆ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದೆ. ನನ್ನನ್ನು ಯಾರೂ ಶಾಲೆ ಬಿಡಿಸಿರಲಿಲ್ಲ. ಎದ್ದು ನಿಂತು ಓದು ಎಂದರೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಒಮ್ಮೆ ಜ್ವರ ಬಂದು ಮನೆಯಲ್ಲಿ ಉಳಿದೆ, ಜ್ವರ ಬಿಟ್ಟ ಮೇಲೂ ಉಳಿದೆ. ಅಪ್ಪ ಬೆಳಗಿನ ಪಾಠಕ್ಕೆ ಕತ್ತಲಿರುವಾಗಲೇ ಹೋಗಿರುತ್ತಿದ್ದರು. ನಾನು ಮನೆಯಲ್ಲೇ ಇದ್ದೇನೆ ಎಂದು ಅವರಿಗೆ ಗೊತ್ತಾಗುವಷ್ಟರಲ್ಲಿ ಶಾಲೆಯವರು ನನ್ನನ್ನು ಮರೆತಿದ್ದರು.

ಅಮ್ಮ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. "ಮುಂದಿನ ಸೀಟಲ್ಲಿ ಕೂರಿ, ಬೇಡ ಅನ್ನಲ್ಲ. ಆದ್ರೆ ಸ್ಟೀರಿಂಗ್ ಮಗು ಕೈಯಲ್ಲಿರ್ಲಿ."

"ಸ್ಟೀರಿಂಗ್ ಪೂರ್ತಿ ಅವಳದೇ" ಎಂದು ಅಪ್ಪ ಉದಾರವಾಗಿ ಬಿಟ್ಟುಕೊಟ್ಟರು. "ಬ್ರೇಕ್ ಮಾತ್ರ ನಂದು."

ಅದು ಮಾತಿನ ಮಾತು ಎಂದುಕೊಂಡೆವು. ಅಪ್ಪ ಮಾತಿನ ಮಾತು ಆಡುವವರಲ್ಲ.

ಮರುದಿನ ಸಂಜೆಯಿಂದ ಪಾಠ ಶುರು. ಊಟದ ಮೇಜಿನ ಬಲಗಡೆ ಗಿಲಕಿ, ಅವಳ ಎಡಗಡೆ ಅಪ್ಪ. ಪುಸ್ತಕ ತೆರೆಯುವ ಮೊದಲು ಗಿಲಕಿ ಸೀಟು ಮುಂದಕ್ಕೆ ಎಳೆದುಕೊಳ್ಳಬೇಕು, ಬೆನ್ನು ನೇರ ಮಾಡಬೇಕು, ಆಚೆ ಈಚೆ ನೋಡಿ ಹಿಂದಿನಿಂದ ಯಾರೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಂದಿನಿಂದ ಬರುವುದಕ್ಕೆ ಅಲ್ಲಿ ಇದ್ದದ್ದು ಫ್ರಿಜ್ ಒಂದೇ. ಆದರೂ ನೋಡಬೇಕು. ಆಮೇಲೆ ಮೇಜಿನ ಕೆಳಗೆ ಅಪ್ಪನ ಬಲಗಾಲು ಬಂದು ಗಿಲಕಿಯ ಎಡಪಾದದ ಮೇಲೆ ಹೂವಿನ ಹಾಗೆ ಕೂರುತ್ತಿತ್ತು.

ಮೆಲ್ಲಗೆ ಎರಡು ಸಲ ತಟ್ಟಿದರೆ ಹೊರಡು. ಅರ್ಧ ಒತ್ತಿದರೆ ನಿಧಾನ, ಮುಂದೆ ತಿರುವಿದೆ. ಪೂರ್ತಿ ಒತ್ತಿದರೆ ನಿಲ್ಲು, ಅಳಿಸು.

ಪೆನ್ಸಿಲ್ಲು ತಪ್ಪು ಅಕ್ಷರದ ಕಡೆ ಮೂತಿ ತಿರುಗಿಸಿದರೆ ಸಾಕು, ಅಪ್ಪನ ಕಾಲು ಒತ್ತುತ್ತಿತ್ತು. ಮಗುವಿಗೆ ತಪ್ಪು ಮಾಡುವ ಅವಕಾಶವೇ ಸಿಗುತ್ತಿರಲಿಲ್ಲ. ಬೈಗುಳವಿಲ್ಲ, ಹೊಡೆತವಿಲ್ಲ, ಅಳುವಿಲ್ಲ. ನೋಡುವುದಕ್ಕೆ ಬಹಳ ಚೆಂದ. ಅಮ್ಮ ಕ್ಲಿನಿಕ್ಕಿನಿಂದ ಬರುವ ಹೊತ್ತಿಗೆ ಪಾಠ ಮುಗಿದು, ಅಪ್ಪ ಮಗಳು ಇಬ್ಬರೂ ಗೆದ್ದ ಪೈಲ್ವಾನರ ಹಾಗೆ ಕೂತಿರುತ್ತಿದ್ದರು. ಮನೆಯಲ್ಲಿ ಬರೆದ ಹಾಳೆಗಳಿಗೆ ಶಾಲೆಯ ಮಿಸ್ ನಕ್ಷತ್ರದ ಮೇಲೆ ನಕ್ಷತ್ರ ಅಂಟಿಸಿದರು. ಅಪ್ಪ ಒಂದು ಹಾಳೆಯನ್ನು ಕಾರಿನ ಮುಂದಿನ ಗಾಜಿನ ಮೂಲೆಗೆ ಸಿಕ್ಕಿಸಿದರು. ಕಲಿಯಲು ಬಂದವರು ಗೇರ್ ಹಾಕುವ ಮೊದಲು ಅದನ್ನು ನೋಡಿ ಹೊಗಳಬೇಕಿತ್ತು.

"ಮಕ್ಕಳ ಓದು ಅಪ್ಪ ಅಮ್ಮನ ಕೈಯಲ್ಲಿರುತ್ತೆ ಸಾರ್" ಎಂದು ಅಪ್ಪ ಅವರಿಗೆ ಉಪದೇಶ ಮಾಡುತ್ತಿದ್ದರು. ಕೈಯಲ್ಲಿ ಅಲ್ಲ, ಕಾಲಲ್ಲಿ ಎಂಬುದನ್ನು ಮಾತ್ರ ವ್ಯಾಪಾರದ ಗುಟ್ಟಿನ ಹಾಗೆ ಬಚ್ಚಿಟ್ಟುಕೊಂಡರು.

ವರ್ಷವೆಲ್ಲ ಹೀಗೇ ಕಳೆದು, ಕೊನೆ ಹತ್ತಿರವಾದಾಗ ಶಾಲೆಯಲ್ಲಿ ಮೊದಲ ಕಿರುಪರೀಕ್ಷೆ ಬಂತು. ಗಿಲಕಿ ಕೊಟ್ಟು ಬಂದದ್ದು ಖಾಲಿ ಹಾಳೆ. ಹೆಸರು ಕೂಡ ಇಲ್ಲ.

ಮಿಸ್ ಫೋನು ಮಾಡಿದರು. ಅಪ್ಪ ನಂಬಲಿಲ್ಲ. "ಹಾಳೆ ಬದಲಾಗಿರುತ್ತೆ ಬಿಡಿ ಮೇಡಂ, ಹುಡುಕಿ ನೋಡಿ" ಅಂದರು. ಸಂಜೆ ಅದೇ ಪ್ರಶ್ನೆಗಳನ್ನು ಮನೆಯಲ್ಲಿ ಕೊಟ್ಟು ನೋಡಿದರು. ಅಪ್ಪನ ಕಾಲು ಕೆಳಗೆ, ಗಿಲಕಿಯ ಪೆನ್ಸಿಲ್ಲು ಮೇಲೆ. ಹತ್ತಕ್ಕೆ ಹತ್ತು.

"ನೋಡ್ದಾ? ತೊಂದರೆ ಮಗೂದಲ್ಲ, ಶಾಲೆ ಬೆಂಚಿಂದು. ಅಲ್ಲಿ ಅವಳನ್ನ ಎಡಗಡೆ ತುದೀಲಿ ಕೂರಿಸಿದಾರೆ. ಎಡಗಡೆ ಯಾರೂ ಇಲ್ದೆ ಮಗು ಹೇಗೆ ಬರೀಬೇಕು?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದಳು ಅಮ್ಮ. "ಬರೆಯೋದಕ್ಕೂ ಎಡಗಡೆ ಜನ ಇರೋದಕ್ಕೂ ಏನ್ರೀ ಸಂಬಂಧ?"

ಅಪ್ಪ ಮರುದಿನವೇ ಶಾಲೆಗೆ ಹೋಗಿ, ಕೈಮುಗಿದು, ಮಗಳ ಜಾಗ ಬದಲಾಯಿಸಿಕೊಂಡು ಬಂದರು. ಈಗ ಗಿಲಕಿಯ ಎಡಗಡೆ ಒಬ್ಬ ಸಾಧು ಹುಡುಗ. ದಪ್ಪ ಕನ್ನಡಕ, ಯಾರ ತಂಟೆಗೂ ಹೋಗದವನು. ಗಿಲಕಿ ಅವನಿಗೆ ಮೊದಲ ದಿನವೇ ಕೆಲಸ ವಹಿಸಿದಳು.

"ನಾನು ತಪ್ಪು ಮಾಡೋ ಮುಂಚೆ ನನ್ನ ಕಾಲು ತುಳೀಬೇಕು. ಗೊತ್ತಾಯ್ತಾ?"

"ನೀನು ತಪ್ಪು ಮಾಡ್ತೀಯ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

"ನಿನ್ನ ಕಾಲಿಗೆ ಕಣ್ಣಿಲ್ವಾ?"

ಪಾಪ, ಅವನ ಕಣ್ಣಿಗೇ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಕೊಟ್ಟ ಕೆಲಸ ಬಿಡುವ ಹುಡುಗನಲ್ಲ. ಯಾವುದಕ್ಕೂ ಇರಲಿ ಎಂದು ಎಲ್ಲದಕ್ಕೂ ತುಳಿದ. ಗಿಲಕಿ 'ಮರ' ಎಂದು ಬರೆಯಲು ಹೋಗಿ 'ಮ'ದಲ್ಲೇ ನಿಂತಳು. ಎರಡು ಕೂಡಿಸು ಮೂರು ಎಂದು ಇಟ್ಟು, ಉತ್ತರದ ಬಾಗಿಲಲ್ಲಿ ನಿಂತಳು. ತುಳಿದು ತುಳಿದು ಬೇಸರವಾದ ಹುಡುಗ ತನಗೂ ಒಬ್ಬರು ಬೇಕೆಂದು ತನ್ನ ಎಡಗಡೆಯವಳಿಗೆ ಹೇಳಿಕೊಟ್ಟ. ಅವಳು ಅವಳ ಎಡಗಡೆಯವನಿಗೆ. ಬೆಂಚಿನಿಂದ ಬೆಂಚಿಗೆ ವಿದ್ಯೆ ಹಬ್ಬಿತು. ವಾರ ಕಳೆಯುವಷ್ಟರಲ್ಲಿ ಇಡೀ ಒಂದನೇ ತರಗತಿ ಪೆನ್ಸಿಲ್ಲು ಮೇಲೆತ್ತಿ ಹಿಡಿದು, ಮೇಜಿನ ಕೆಳಗೆ ಮಾತ್ರ ಭತ್ತ ತುಳಿಯುವವರ ಹಾಗೆ ದುಡಿಯುತ್ತಿತ್ತು. ಶೂಗಳ ಮೂತಿಗಳೆಲ್ಲ ಚಪ್ಪಟೆಯಾದವು. ಯಾರದೋ ತಾಯಿ ಮಗನ ಶೂ ಹಿಡಿದುಕೊಂಡು ಹೆಡ್‌ಮಿಸ್ ಕೋಣೆಗೇ ನುಗ್ಗಿದರಂತೆ.

ತನಿಖೆ ನಡೆದು, ಕಾಲುಗಳ ಜಾಡು ಹಿಡಿದು ಹೋದಾಗ ಮೂಲ ನಮ್ಮ ಮನೆಯ ಹುಡುಗಿ ಎಂದು ತಿಳಿಯಿತು. ಅಪ್ಪ ಅಮ್ಮ ಇಬ್ಬರೂ ಬರಬೇಕೆಂದು ಕರೆ ಬಂತು. ನಾನೂ ಹೋದೆ. ಒಳಗೆ ಕೂರಲು ನಾಚಿಕೆಯಾಗಿ ಬಾಗಿಲ ಪಕ್ಕದಲ್ಲಿ ಗೋಡೆಗೆ ಅಂಟಿಕೊಂಡು ನಿಂತೆ. ಅಲ್ಲಿಂದ ಮೇಜಿನ ಮೇಲೂ ಕೆಳಗೂ ಎರಡೂ ಕಾಣುತ್ತಿತ್ತು. ಅದು ನನ್ನ ಅದೃಷ್ಟವೋ ಅಪ್ಪನ ದುರದೃಷ್ಟವೋ ಗೊತ್ತಿಲ್ಲ.

ಸಭೆ ಸೇರಿದ್ದು ಒಂದನೇ ತರಗತಿಯ ಕೋಣೆಯಲ್ಲಿ. ಅಲ್ಲಿರುವುದು ಮಕ್ಕಳ ಪುಟ್ಟ ಕುರ್ಚಿಗಳು, ದುಂಡನೆಯ ತಗ್ಗು ಮೇಜು. ಅಪ್ಪ ಕೂತಾಗ ಮೊಣಕಾಲುಗಳು ಕಿವಿಯ ಪಕ್ಕಕ್ಕೆ ಬಂದು, ಮಿಡತೆ ಕೂತ ಹಾಗಿತ್ತು. ಎದುರಿಗೆ ಗಿಲಕಿ. ಗಿಲಕಿಯ ಎಡಗಡೆ ಹೆಡ್‌ಮಿಸ್, ಬಲಗಡೆ ಮಿಸ್. ಅಮ್ಮ ಅಪ್ಪನ ಪಕ್ಕದಲ್ಲಿ.

"ಮಗೂ, ಇದೊಂದು ಲೆಕ್ಕ ಮಾಡು ನೋಡೋಣ" ಎಂದು ಮಿಸ್ ಹಾಳೆ ಕೊಟ್ಟರು.

ಗಿಲಕಿ ಸೀಟು ಎಳೆದುಕೊಂಡಳು. ಆಚೆ ಈಚೆ ನೋಡಿದಳು. ಪೆನ್ಸಿಲ್ಲು ಹಿಡಿದಳು. ನಿಂತಳು.

ಹೆಡ್‌ಮಿಸ್ ಅಪ್ಪನ ಕಡೆ ತಿರುಗಿದರು. "ನೋಡಿ, ನಿಮ್ಮ ಮಗಳು ಬುದ್ಧಿವಂತೆ. ಅದರಲ್ಲಿ ಸಂಶಯ..."

ಅಪ್ಪನ ಕಿವಿಗೆ ಅದು ಬೀಳಲಿಲ್ಲ. ಅವರ ಜೀವವೆಲ್ಲ ಬಲಗಾಲಿಗೆ ಇಳಿದಿತ್ತು. ಮುಖ ನೆಟ್ಟಗೆ ಇಟ್ಟುಕೊಂಡು, ಕಾಲನ್ನು ಮೇಜಿನ ಕೆಳಗೆ ಹಾವಿನ ಹಾಗೆ ಬಿಟ್ಟರು. ಕಾಲು ಗಿಲಕಿಯ ಎಡಪಾದ ಹುಡುಕಿತು. ಒಂದು ಪಾದ ಸಿಕ್ಕಿತು. ಮೆಲ್ಲಗೆ ಎರಡು ಸಲ ತಟ್ಟಿದರು.

ಹೆಡ್‌ಮಿಸ್ ಮಾತು ನಿಂತಿತು.

ಅವರು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು. "ಸಂಶಯ ಇಲ್ಲ. ಆದರೆ ತರಗತಿಯಲ್ಲಿ..."

ಕಾಲು ಇನ್ನೂ ಒಂದಿಷ್ಟು ಉದ್ದವಾಯಿತು. ಮತ್ತೆ ಎರಡು ಸಲ ತಟ್ಟಿತು. ಗಿಲಕಿ ಕದಲಲಿಲ್ಲ. ಅಪ್ಪನ ಹಣೆಯಲ್ಲಿ ಬೆವರು. ಇಂಜಿನ್ನು ಹೊತ್ತಿಕೊಳ್ಳುತ್ತಿಲ್ಲವೆಂದು ಇನ್ನೊಂದು ಸಲ, ಈ ಸಾರಿ ಸ್ವಲ್ಪ ಪ್ರೀತಿಯಿಂದ, ತಟ್ಟಿದರು. ಅಷ್ಟರಲ್ಲಿ ಗಾಬರಿಯಾದ ಗಿಲಕಿ ತಾನಾಗಿಯೇ ಪೆನ್ಸಿಲ್ಲನ್ನು ಹಾಳೆಗೆ ತಾಗಿಸಿದಳು, ಅದೂ ತಪ್ಪು ಜಾಗದಲ್ಲಿ. ಅಪ್ಪ ಯೋಚಿಸಲಿಲ್ಲ. ಅವರ ಕಾಲು ಯೋಚಿಸುವ ಕಾಲೇ ಅಲ್ಲ. ಪೂರ್ತಿ ಬ್ರೇಕು ಒತ್ತಿಬಿಟ್ಟರು.

ಹೆಡ್‌ಮಿಸ್ ಕೂಗಲಿಲ್ಲ. ಬಹಳ ಘನವಾದ ಹೆಂಗಸು. ಕಣ್ಣಲ್ಲಿ ನೀರು ತುಂಬಿಕೊಂಡು ಅಮ್ಮನ ಕಡೆ ತಿರುಗಿ ಕೇಳಿದರು: "ನಿಮ್ಮ ಯಜಮಾನರಿಗೆ ನನ್ನ ಹತ್ತಿರ ಏನಾದ್ರೂ ಹೇಳೋದಿದ್ಯಾ?"

ಅಮ್ಮ ಅಪ್ಪನ ಮುಖ ನೋಡಿದಳು. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಎದ್ದಾಗ ಅವಳ ಮುಖದ ಬಣ್ಣವೇ ಬೇರೆಯಾಗಿತ್ತು.

"ರೀ. ಕಾಲು."

"ಯಾವ ಕಾಲು?"

"ನಿಮ್ಮದೇ. ಮೇಡಂ ಪಾದದ ಮೇಲಿರೋದು."

ಅಪ್ಪ ಕಾಲನ್ನು ಎಳೆದುಕೊಂಡ ರಭಸಕ್ಕೆ ಮೇಜು ಎದ್ದು ಕೂತಿತು. ಎದ್ದು ನಿಂತು ಕೈಮುಗಿಯಲು ಹೋದರು. ಪುಟ್ಟ ಕುರ್ಚಿಯೂ ಅವರ ಜೊತೆಗೇ ಎದ್ದಿತು. ಅದನ್ನು ಬಿಡಿಸಲು ನಾನೂ ಮಿಸ್ಸೂ ಸೇರಿ ಎಳೆಯಬೇಕಾಯಿತು. "ಕ್ಷಮಿಸಿ ಮೇಡಂ, ನಾನು ನಿಮ್ಮನ್ನ ನನ್ನ ಮಗಳು ಅಂದ್ಕೊಂಡೆ" ಅಂದರು ಅಪ್ಪ. ಹೆಡ್‌ಮಿಸ್‌ಗೆ ಅಪ್ಪನಿಗಿಂತ ಹತ್ತು ವರ್ಷ ಹೆಚ್ಚು.

ನಕ್ಕದ್ದು ಮಿಸ್ ಮೊದಲು. ಆಮೇಲೆ ಹೆಡ್‌ಮಿಸ್ ಕೂಡ, ಪಾದ ಉಜ್ಜಿಕೊಳ್ಳುತ್ತ. ನಗದೆ ಉಳಿದವಳು ಗಿಲಕಿ. ಎಲ್ಲದಕ್ಕೂ ಗಲಗಲ ಎನ್ನುವವಳು ಬಾಯಿ ಮುಚ್ಚಿ ಖಾಲಿ ಹಾಳೆ ನೋಡುತ್ತ ಕೂತಿದ್ದಳು.

ಮಿಸ್ ಅವಳ ಪಕ್ಕದಲ್ಲಿ ಮಂಡಿಯೂರಿದರು. "ಯಾಕೆ ಬರಿಯಲ್ಲ, ಚಿನ್ನ? ಬರುತ್ತಲ್ಲ ನಿಂಗೆ?"

"ಒಬ್ಬಳೇ ಬರೀಬಾರ್ದು ಮಿಸ್."

"ಯಾರು ಹೇಳಿದ್ದು?"

"ಅಪ್ಪನ ಕಾರಲ್ಲಿ ಹಾಗೇ. ಕಲಿಯೋರು ಒಬ್ರೇ ಗಾಡಿ ತೆಗೀಬಾರ್ದು. ಪಕ್ಕದಲ್ಲಿ ಮೇಷ್ಟ್ರು ಇಲ್ದಿದ್ರೆ ಯಾರಿಗಾದ್ರೂ ಗುದ್ದಿಬಿಡ್ತೀವಿ. ಆಮೇಲೆ ಪೊಲೀಸು ಬರ್ತಾರೆ." ಅವಳು ಪೆನ್ಸಿಲ್ಲು ಕೆಳಗಿಟ್ಟಳು. "ಇಲ್ಲಿ ಬ್ರೇಕೇ ಇಲ್ಲ."

ಅಪ್ಪನ ಮುಖ ಆಗ ಹೇಗಿತ್ತು ಎಂದು ಬರೆಯಲು ಎಷ್ಟೋ ಸಲ ಪ್ರಯತ್ನಿಸಿದೆ, ಬರಲಿಲ್ಲ. ತಮ್ಮದೇ ಗಾಡಿ ತಮ್ಮದೇ ಮಗುವಿಗೆ ಗುದ್ದಿದ್ದನ್ನು ನೋಡಿದವರ ಹಾಗಿತ್ತು ಎಂದಷ್ಟೇ ಹೇಳಬಲ್ಲೆ.

ಹೆಡ್‌ಮಿಸ್ ನಗು ನಿಲ್ಲಿಸಿ ವಿಷಯಕ್ಕೆ ಬಂದರು. ವರ್ಷದ ಕೊನೆಯ ಪರೀಕ್ಷೆ ಹತ್ತಿರದಲ್ಲಿದೆ. ಎಷ್ಟು ಅಂಕ ಎಂಬುದು ಮುಖ್ಯವಲ್ಲ. ಆದರೆ ಮಗು ತಾನಾಗಿ ಬರೆಯಬೇಕು. ಬರೆಯದಿದ್ದರೆ ಜೊತೆಯವರೆಲ್ಲ ಎರಡನೇ ತರಗತಿಗೆ ಹೋಗುತ್ತಾರೆ, ಇವಳು ಇದೇ ಬೆಂಚಿನಲ್ಲಿ ಉಳಿಯುತ್ತಾಳೆ. "ಬುದ್ಧಿವಂತ ಮಕ್ಕಳು ಹಾಗೆ ಒಂದು ಸಾರಿ ಹಿಂದೆ ಉಳಿದ್ರೆ, ಶಾಲೆ ಅಂದ್ರೇ ಹಿಂಜರೀತಾರೆ" ಅಂದರು. ಅಪ್ಪ ಬಾಗಿಲ ಕಡೆ ನೋಡಿದರು. ಅಲ್ಲಿ ನಾನು ನಿಂತಿದ್ದೆ. ಇಬ್ಬರೂ ಬೇರೆ ಕಡೆ ನೋಡಿದೆವು.

ಮನೆಗೆ ಬಂದ ಮೇಲೆ ಅಪ್ಪ ಬ್ರೇಕಿನ ಮೇಲಿನ ಹಕ್ಕನ್ನು ತ್ಯಾಗ ಮಾಡಿದರು. ತ್ಯಾಗ ಮಾಡಿದ್ದು ಅಪ್ಪ. ಕಾಲು ಅದಕ್ಕೆ ಒಪ್ಪಿರಲಿಲ್ಲ. ಮೇಜಿನಿಂದ ದೂರ ಕೂತರೂ ಅದು ತಾನಾಗಿ ನೆಲ ಒತ್ತುತ್ತಿತ್ತು. ಗಿಲಕಿ ಪೆನ್ಸಿಲ್ಲು ಎತ್ತುತ್ತಿದ್ದಳು, ಅಪ್ಪನ ಕಾಲು ದಪ್ಪೆನ್ನುತ್ತಿತ್ತು, ಗಿಲಕಿ ಪೆನ್ಸಿಲ್ಲು ಇಡುತ್ತಿದ್ದಳು.

ಇದಕ್ಕೆಂದೇ ಕ್ಲಿನಿಕ್ಕಿಗೆ ತಡವಾಗಿ ಹೊರಡತೊಡಗಿದ್ದ ಅಮ್ಮ ಬಚ್ಚಲಿನಿಂದ ಬಕೆಟ್ಟು ತಂದು, ಅರ್ಧ ನೀರು ತುಂಬಿ, ಅಪ್ಪನ ಮುಂದಿಟ್ಟಳು. "ಕಾಲು ಇಳಿಬಿಡಿ."

"ಇದ್ಯಾಕೆ?"

"ಒತ್ತಿದ್ರೆ ನೀರು ಚೆಲ್ಲುತ್ತೆ. ಚೆಲ್ಲಿದ್ದನ್ನ ನೀವೇ ಒರೆಸ್ತೀರಿ. ಒರೆಸಿ ಒರೆಸಿ ಕಾಲಿಗೆ ಬುದ್ಧಿ ಬರುತ್ತೆ."

ಅಪ್ಪ ತಪಸ್ಸಿಗೆ ಕೂತವರ ಹಾಗೆ ಕಾಲನ್ನು ನೀರಿನಲ್ಲಿಟ್ಟು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದರೂ ಪೆನ್ಸಿಲ್ಲಿನ ಸದ್ದು ಕೇಳುತ್ತದಲ್ಲ! ಪೆನ್ಸಿಲ್ಲು ಕರ್ ಎಂದಿತು, ಬಕೆಟ್ಟು ಚಳ್ ಎಂದಿತು, ಗಿಲಕಿ ನಿಂತಳು. ಎರಡು ಸಂಜೆಗಳಲ್ಲಿ ನಮ್ಮ ಮನೆಯ ನೆಲ ಹಿಂದೆಂದೂ ಕಾಣದಷ್ಟು ಶುಭ್ರವಾಯಿತು. ಲೆಕ್ಕ ಮಾತ್ರ ಮುಂದೆ ಹೋಗಲಿಲ್ಲ.

"ಹೊರಗೆ ಹೋಗಿ" ಅಂದಳು ಅಮ್ಮ.

ಅಪ್ಪ ಹೊರಗೆ ಹೋಗಿ, ಮನೆಯ ಮುಂದೆ ನಿಲ್ಲಿಸಿದ್ದ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತರು. ಕಿಟಕಿಯ ಗಾಜು ಏರಿಸಿಕೊಂಡರು. ಒಳಗೆ ನಾವು ನೆಮ್ಮದಿಯ ಉಸಿರು ಬಿಟ್ಟೆವು. ಗಿಲಕಿ ಪೆನ್ಸಿಲ್ಲು ಎತ್ತಿದಳು. ಎದುರಿನ ಗೋಡೆಯ ಮೇಲೆ ಕೆಂಪು ಬೆಳಕು ಬಿತ್ತು. ಗಿಲಕಿ ಪೆನ್ಸಿಲ್ಲು ಇಟ್ಟಳು. ಬೆಳಕು ಆರಿತು. ಮತ್ತೆ ಎತ್ತಿದಳು, ಗೋಡೆ ಮತ್ತೆ ಕೆಂಪಾಯಿತು. ಅಮ್ಮ ಕಿಟಕಿಗೆ ಹೋಗಿ ನೋಡಿದರೆ, ಅಪ್ಪ ಕಾರಿನ ಕನ್ನಡಿಯನ್ನು ನಮ್ಮ ಊಟದ ಮೇಜಿಗೆ ಸರಿಯಾಗಿ ತಿರುಗಿಸಿಟ್ಟುಕೊಂಡು, ಒಳಗಿನ ಪ್ರತಿಯೊಂದು ಅಕ್ಷರಕ್ಕೂ ಅಲ್ಲಿಂದಲೇ ಬ್ರೇಕು ಹಾಕುತ್ತಿದ್ದರು. ಕಾರಿನ ಹಿಂದಿನ ದೀಪ ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿತ್ತು.

ಅಮ್ಮ ಬಾಗಿಲು ತೆರೆದು, ತೋಳು ಹಿಡಿದು ಇಳಿಸಿ, ಅಪ್ಪನನ್ನು ತನ್ನ ಜೊತೆ ಸಂಜೆಯ ಕ್ಲಿನಿಕ್ಕಿಗೇ ಕರೆದುಕೊಂಡು ಹೋದಳು. "ಅಲ್ಲಿ ಒಂದು ಮೂಲೇಲಿ ಕೂತಿರಿ. ಯಾರೂ ನಿಮ್ಮ ಹತ್ತಿರ ಪಾಠ ಕೇಳೋದಿಲ್ಲ."

ಹೀಗೆ ಮನೆಯಲ್ಲಿ ಉಳಿದದ್ದು ಗಿಲಕಿ ಮತ್ತು ನಾನು.

ನನಗೆ ಕಲಿಸಲು ಬರುವುದಿಲ್ಲ. ಏನು ಮಾಡಬೇಕೋ ತಿಳಿಯದೆ ಅವಳ ಎದುರಿಗೆ ಕೂತು, ಇನ್ನೊಂದು ಹಾಳೆ ತೆಗೆದುಕೊಂಡು, ಅವಳ ಲೆಕ್ಕವನ್ನೇ ನಾನೂ ಬರೆಯತೊಡಗಿದೆ. ಒಂದನೇ ತರಗತಿಯ ಲೆಕ್ಕವೇ. ಆದರೆ ಬರೆದು ಬಹಳ ದಿನವಾಗಿತ್ತು. ಕಳೆಯುವ ಕಡೆ ಕೂಡಿಸಿಬಿಟ್ಟೆ.

ಗಿಲಕಿ ಕತ್ತು ಚಾಚಿ ನೋಡಿದಳು. "ಅಕ್ಕಾ, ಅದು ತಪ್ಪು."

"ಹೌದಾ? ಎಲ್ಲಿ?"

ಅವಳು ಕುರ್ಚಿಯಿಂದ ಇಳಿದು ಬಂದು ನನ್ನ ಎಡಗಡೆ ಕೂತಳು. ನನ್ನ ಪಾದವನ್ನು ತುಳಿದೇಬಿಟ್ಟಳು. "ನೀನು ಆಚೆ ಈಚೆ ನೋಡ್ಲೇ ಇಲ್ಲ. ಅದಕ್ಕೇ ಹೀಗಾಗೋದು. ಕೊಡಿಲ್ಲಿ ಪೆನ್ಸಿಲ್ಲು. ನಾನೇ ಓಡಿಸ್ತೀನಿ."

ಕೊಟ್ಟೆ. ಓಡಿಸಿದಳು. ಒಂದು ಲೆಕ್ಕ ಸರಿ, ಇನ್ನೊಂದು ತಪ್ಪು. ತಪ್ಪಾದದ್ದು ನನಗೆ ಕಂಡಿತು. ಹೇಳಲು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ಮುಂದೆ ಹೋಗಿ, ಏನೋ ಅನುಮಾನ ಬಂದು ಹಿಂದೆ ಬಂದು, ಬೆರಳು ಮಡಚಿ ಎಣಿಸಿ, ಅಳಿಸಿ, ಸರಿಯಾಗಿ ಬರೆದಳು. ಆಮೇಲೆ ಸುಮ್ಮನೆ ಬಾಗಿಲ ಕಡೆ ನೋಡಿದಳು.

"ಅಕ್ಕಾ, ತಪ್ಪು ಬರೆದಿದ್ದೆ."

"ನೋಡ್ದೆ."

"ಯಾರಿಗೂ ಏನೂ ಆಗ್ಲಿಲ್ಲ."

"ಇಲ್ಲ. ಏನೂ ಆಗ್ಲಿಲ್ಲ."

ಈ ಹೊಸ ಸಂಗತಿಯನ್ನು ಪರೀಕ್ಷಿಸಲು ಅವಳು ಇನ್ನೊಂದು ತಪ್ಪು ಬರೆದಳು. ಪೊಲೀಸು ಬರಲಿಲ್ಲ. ಮತ್ತೊಂದು ಬರೆದಳು. ಗಿಲಕಿ ಮತ್ತೆ ಗಲಗಲ ಎನ್ನತೊಡಗಿತು. ಬೇಕೆಂದೇ ಹಾಳೆಯ ತುಂಬ ತಪ್ಪು ಬರೆದು, ನಗುತ್ತ ಒಂದೊಂದಾಗಿ ಅಳಿಸಿ ಸರಿಮಾಡಿದಳು. ರಬ್ಬರು ಅರ್ಧ ಸವೆಯಿತು.

ಅಪ್ಪ ಅಮ್ಮ ಮನೆಗೆ ಬಂದಾಗ ಅಪ್ಪನ ಒಂದು ಕೆನ್ನೆ ಊದಿತ್ತು. ಮೂಲೆಯಲ್ಲಿ ಬೆವರುತ್ತ ಕಾಲು ಕುಣಿಸುತ್ತ ಕೂತವರನ್ನು ನೋಡಿ, ಹೆದರಿದ ರೋಗಿ ಎಂದುಕೊಂಡು ಡಾಕ್ಟರು ಒಳಗೆ ಕರೆದು ಕೂರಿಸಿದರಂತೆ. ನೋಡಿದರೆ ಹುಳುಕು ನಿಜವಾಗಿಯೂ ಇತ್ತಂತೆ.

"ಅವರು ಆ ಮಿಷನ್ನು ಹಿಡ್ಕೊಂಡು ಬಾಯಿಗೆ ಬಂದಾಗ ಎಷ್ಟು ಒತ್ತಿದ್ರೂ ನಿಲ್ಲಲಿಲ್ಲ ಕಣೇ" ಅಂದರು ಅಪ್ಪ, ಅರ್ಧ ಬಾಯಲ್ಲಿ.

"ನಿಲ್ಲದೇ ಇದ್ದದ್ದಕ್ಕೇ ಹಲ್ಲು ಉಳೀತು" ಅಂದಳು ಅಮ್ಮ.

ಮೇಜಿನ ಮೇಲಿದ್ದ ಹಾಳೆಯನ್ನು ಅಪ್ಪ ಎತ್ತಿಕೊಂಡರು. ಅಳಿಸಿ ಅಳಿಸಿ ಬೂದುಬಣ್ಣಕ್ಕೆ ತಿರುಗಿದ, ಒಂದೆರಡು ಕಡೆ ತೂತು ಬಿದ್ದ ಹಾಳೆ. ಬೆಳಕಿಗೆ ಹಿಡಿದು ನೋಡಿದರು. "ಯಾರು ಪಕ್ಕದಲ್ಲಿ ಕೂತಿದ್ದು?" ಎಂದು ಕೇಳಿದರು.

"ನಾನು ಅಕ್ಕನ ಪಕ್ಕದಲ್ಲಿ ಕೂತಿದ್ದೆ" ಅಂದಳು ಗಿಲಕಿ. "ಅಕ್ಕನಿಗೆ ಕಳೆಯೋದು ಬರಲ್ಲ ಅಪ್ಪ. ಪಾಪ, ನಾನು ಹೇಳಿಕೊಟ್ಟೆ."

ಅಪ್ಪ ನನ್ನ ಕಡೆ ನೋಡಿದರು. ಈ ಸಾರಿ ಬೇರೆ ಕಡೆ ತಿರುಗಲಿಲ್ಲ. "ದಿನಾ ಕೂತ್ಕೊಳ್ಳಿ ಇಬ್ರೂ" ಎಂದಷ್ಟೇ ಹೇಳಿ ಬಚ್ಚಲಿಗೆ ಹೋದರು. ಕೆನ್ನೆ ನೋಯುತ್ತಿತ್ತೋ ಏನೋ, ಹೊರಗೆ ಬರಲು ತಡವಾಯಿತು.

ಪರೀಕ್ಷೆಯ ದಿನ ಅಪ್ಪನಿಗೆ ಶಾಲೆಯ ಬೀದಿಗೆ ಪ್ರವೇಶ ನಿಷೇಧಿಸಲಾಗಿತ್ತು. ಗಿಲಕಿ ಒಬ್ಬಳೇ ಕೂತು ಒಬ್ಬಳೇ ಬರೆದಳು. ಹೆಸರನ್ನು ಎರಡು ಸಲ ಬರೆ‌ದಿದ್ದಳಂತೆ, ಒಂದು ತಪ್ಪಿದರೆ ಇನ್ನೊಂದಿರಲಿ ಎಂದು. ಹತ್ತಕ್ಕೆ ಆರು ಬಂತು. ಎರಡನೇ ತರಗತಿಗೆ ದಾಟಿದಳು. ಆ ಆರನ್ನು ನೋಡಿದಾಗ ಅಪ್ಪನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು; ನಾನು ಕಂಡೆ. ಆದರೆ ಪಾದ ಕದಲಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅಪ್ಪ ಹೊಸ ಜ್ಞಾನ ಬಂದರೆ ಮನೆಯಲ್ಲೇ ಇಟ್ಟುಕೊಳ್ಳುವವರಲ್ಲ. ಮರುದಿನ ಬೆಳಿಗ್ಗೆ ಕಾರು ಕಲಿಯಲು ಬಂದದ್ದು ಔಷಧಿ ಅಂಗಡಿಯ ಯಜಮಾನಿ. ಅಪ್ಪ ಎಡಗಡೆ ಕೂತು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, "ಧೈರ್ಯವಾಗಿ ತಪ್ಪು ಮಾಡಿ ಮೇಡಂ, ತಪ್ಪಾದ್ರೆ ಏನೂ ಆಗಲ್ಲ" ಅಂದರು. ಆ ಹೆಂಗಸು ಹೇಳಿದ ಮಾತು ಮೀರುವವರಲ್ಲ. ಬೀದಿ ತಿರುವಿನಲ್ಲಿ ಧೈರ್ಯವಾಗಿ ತಿರುಗಿಸದೆ ಹೋದರು. ಎದುರಿಗೆ ಹಾಸಿಗೆ ಅಂಗಡಿ ಇದ್ದದ್ದು ಎಲ್ಲರ ಪುಣ್ಯ. ಹೊರಗೆ ಒರಗಿಸಿಟ್ಟಿದ್ದ ಹಾಸಿಗೆಗಳ ನಡುವೆ ಕಾರು ಮೆತ್ತಗೆ ಹೋಗಿ ಮಲಗಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಡ್ರೈವಿಂಗ್ ಸ್ಕೂಲಿನ ಯಜಮಾನರು ಮಾತ್ರ ಬಂದು, ಹಾಸಿಗೆಗಳ ಮಧ್ಯದಿಂದ ಅಪ್ಪನನ್ನು ಎಳೆದು ತೆಗೆದು ಕೇಳಿದರಂತೆ: "ಮಾಸ್ಟ್ರೇ, ಆ ಎರಡನೇ ಬ್ರೇಕನ್ನ ನಾನು ಕಾಲೊರೆಸೋಕೆ ಇಟ್ಟಿದೀನಾ?"

ಸಂಜೆ ಅಪ್ಪ ಇದನ್ನು ಹೇಳುವಾಗ ಗಿಲಕಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಕೊನೆಗೆ ಬಹಳ ತಾಳ್ಮೆಯಿಂದ ಬಿಡಿಸಿ ಹೇಳಿದಳು: "ಅಪ್ಪ, ಕಾರಲ್ಲಿ ತುಳೀಬೇಕು. ಮನೇಲಿ ತುಳೀಬಾರ್ದು. ಇಷ್ಟು ಗೊತ್ತಾಗದಿದ್ರೆ ನಿನ್ನನ್ನ ಒಂದನೇ ಕ್ಲಾಸಲ್ಲೇ ಇಟ್ಕೋತಾರೆ ನೋಡು."

"ಇಟ್ಕೊಳ್ಲಿ ಮಗಳೇ" ಅಂದರು ಅಪ್ಪ. "ನನ್ನ ಯೋಗ್ಯತೆ ಅಷ್ಟೇ."

ನನ್ನದೊಂದು ಮಾತು ಉಳಿದಿದೆ. ಫಲಿತಾಂಶದ ದಿನ ಮಿಸ್ ನನ್ನನ್ನು ಬಾಗಿಲ ಪಕ್ಕದಿಂದ ಒಳಗೆ ಕರೆದು, ಶಾಲೆಗೆ ಹೋಗದವರೂ ಮನೆಯಲ್ಲೇ ಓದಿ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು ಎಂದರು. ಮನೆಯಲ್ಲಿ ಹೇಳಿದೆ. ಅಪ್ಪ ಕೂಡಲೇ ಚಪ್ಪಲಿ ಹುಡುಕಿದರು. ಆಮೇಲೆ ತಾವೇ ನಿಂತು, "ನಾನು ಬರ್ಬೇಕಾ, ಬೇಡ್ವಾ? ನೀನೇ ಹೇಳು" ಅಂದರು. ಬೇಡ ಅಪ್ಪ ಎಂದೆ.

ಸೋಮವಾರ ಬೆಳಿಗ್ಗೆ ನಾನೊಬ್ಬಳೇ ಹೋಗಿ ಆ ಪರೀಕ್ಷೆಗೆ ಹೆಸರು ಕೊಟ್ಟು ಬರುತ್ತೇನೆ.